ಕೂತವರೆಲ್ಲ ಬುದ್ಧರಲ್ಲ

ಲಾಫಿಂಗ್ ಬುದ್ಧನಿಗೆ ಬೆಂಗಳೂರಿನಲ್ಲಿರುವಷ್ಟು ಶಾಖೆಗಳು ಯಾವ ಬ್ಯಾಂಕಿಗೂ ಇದ್ದಂತಿಲ್ಲ. ಮೊಬೈಲ್ ರಿಪೇರಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಅವನೇ. ಟ್ಯಾಕ್ಸಿಯ ಡ್ಯಾಶ್‌ಬೋರ್ಡಿನ ಮೇಲೆ ಅವನೇ. ಮನೆಯ ಶೋಕೇಸಿನಲ್ಲಿ ಮಗಳ ಭಾಷಣ ಸ್ಪರ್ಧೆಯ ಕಪ್ಪಿಗೂ ಯಜಮಾನರಿಗೆ ನಿವೃತ್ತಿಯ ದಿನ ಕೊಟ್ಟ ಗಡಿಯಾರಕ್ಕೂ ನಡುವೆ ಸಿಕ್ಕಿಕೊಂಡು ಹೊಟ್ಟೆ ಕುಣಿಸುತ್ತಿರುವವನೂ ಅವನೇ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಅವನನ್ನು ನೋಡಿದ್ದೇನೆ. ಕೆನ್ನೆ ಊದಿಸಿಕೊಂಡು ಸಾಲಾಗಿ ಕೂತವರ ಎದುರು ಅಷ್ಟೂ ಹಲ್ಲು ಬಿಟ್ಟು ನಗುವ ಎದೆಗಾರಿಕೆ ಬೇರೆ ಯಾರಿಗಿದೆ ಹೇಳಿ.

ಆತನ ಸುತ್ತ ಬೆಳೆದಿರುವ ಶಾಸ್ತ್ರವೂ ಆತನ ಹೊಟ್ಟೆಯಷ್ಟೇ ದೊಡ್ಡದು. ನಾವೇ ದುಡ್ಡು ಕೊಟ್ಟು ತರಬಾರದಂತೆ, ಯಾರಾದರೂ ಉಡುಗೊರೆಯಾಗಿ ಕೊಡಬೇಕಂತೆ. ಬಾಗಿಲ ಕಡೆ ಮುಖ ಮಾಡಿಸಬೇಕಂತೆ. ಅಡುಗೆಮನೆಯಲ್ಲಿ ಇಡಬಾರದಂತೆ. ದಿನಾ ಬೆಳಿಗ್ಗೆ ಹೊಟ್ಟೆ ಸವರಿದರೆ ದುಡ್ಡು ಹರಿದು ಬರುತ್ತದಂತೆ. ಈ ಅಂತೆಕಂತೆಗಳಲ್ಲಿ ಒಂದೂ ಬೌದ್ಧರ ತ್ರಿಪಿಟಕದಲ್ಲಿಲ್ಲ. ನಾವೇ ಕೊಂಡರೆ ಫಲವಿಲ್ಲ ಎಂಬ ನಿಯಮ ಮಾಡಿದವನು ಮಾತ್ರ ಅಂಗಡಿಯವನೇ ಇರಬೇಕು ಎಂಬುದು ನನ್ನ ಗುಮಾನಿ. ನೀವು ನನಗೆ ಒಂದು ತಂದುಕೊಟ್ಟರೆ ಮರ್ಯಾದೆಗಾದರೂ ನಾನು ನಿಮಗೆ ಒಂದು ತಂದುಕೊಡಲೇಬೇಕಲ್ಲ. ಅಲ್ಲಿಗೆ ಎರಡು ವ್ಯಾಪಾರ.

ಇರಲಿ, ಇಷ್ಟಕ್ಕೂ ಈ ಮಹಾನುಭಾವ ಯಾರು? ಕಪಿಲವಸ್ತುವಿನ ಸಿದ್ಧಾರ್ಥನಿಗೂ ಇವನಿಗೂ ಕಾಲದಲ್ಲಿ ಹೆಚ್ಚುಕಡಿಮೆ ಒಂದೂವರೆ ಸಾವಿರ ವರ್ಷದ ಅಂತರ, ದಾರಿಯಲ್ಲಿ ಇಡೀ ಹಿಮಾಲಯ ಅಡ್ಡ. ಇವನು ಚೀನಾದ ಈಗಿನ ಝೆಜಿಯಾಂಗ್ ಪ್ರಾಂತ್ಯದ ಫೆಂಗ್‌ಹುವಾ ಎಂಬಲ್ಲಿ ತಿರುಗಾಡಿಕೊಂಡಿದ್ದು ಹತ್ತನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ, ಚಾನ್ ಎಂಬ ಬೌದ್ಧ ಪಂಥದ ಒಬ್ಬ ಸನ್ಯಾಸಿ. ಹೆಗಲ ಕೋಲಿಗೆ ಬಟ್ಟೆಯ ಚೀಲ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದುದರಿಂದ ಜನ ಇವನನ್ನು ಚೀಲದ ಹೆಸರಿನಿಂದಲೇ ಬುದಾಯ್ ಎಂದು ಕರೆದರು. 1004ರಲ್ಲಿ ಸಂಕಲನವಾದ ಚಾನ್ ಗುರುಗಳ ಚರಿತ್ರೆಯಲ್ಲಿ ಇವನ ಕಥೆಗಳು ಬರುತ್ತವೆ. ಸಿಕ್ಕಿದ್ದನ್ನು ಬೇಡಿ, ಒಂದು ತುತ್ತು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಚೀಲಕ್ಕೆ ಸೇರಿಸುತ್ತಿದ್ದನಂತೆ. ಒದ್ದೆ ಹುಲ್ಲಿನ ಚಪ್ಪಲಿ ಮೆಟ್ಟಿ ದಡಬಡ ಓಡಾಡಿದನೆಂದರೆ ಮಳೆ ಗ್ಯಾರಂಟಿ; ಎತ್ತರದ ಮರದ ಪಾದುಕೆ ಹಾಕಿಕೊಂಡು ಪೇಟೆಯ ಸೇತುವೆಯ ಮೇಲೆ ಮೊಣಕಾಲು ಮಡಚಿ ಮಲಗಿದನೆಂದರೆ ಬಿಸಿಲು. ಊರಿನವರು ಇವನ ಕಾಲು ನೋಡಿ ಬಟ್ಟೆ ಒಣಹಾಕುತ್ತಿದ್ದರೋ ಏನೋ. ನಮ್ಮ ಹವಾಮಾನ ಇಲಾಖೆಗೆ ಇಂಥವನೊಬ್ಬ ಸಿಕ್ಕಿದ್ದರೆ ಎಷ್ಟೋ ಮದುವೆಗಳು ಶಾಮಿಯಾನದ ಸಮೇತ ನೆನೆಯುವುದು ತಪ್ಪುತ್ತಿತ್ತು.

ಆ ಚರಿತ್ರೆಯಲ್ಲೇ ಇನ್ನೊಂದು ಪ್ರಸಂಗವಿದೆ. ಮುಂದೆ ಹೋಗುತ್ತಿದ್ದ ಒಬ್ಬ ಭಿಕ್ಷುವಿನ ಬೆನ್ನು ತಟ್ಟಿ ಬುದಾಯ್ ಕೇಳುತ್ತಾನೆ, ನನಗೊಂದು ಕಾಸು ಕೊಡು ಎಂದು. ನೋಡಿ ಹೇಗಿದೆ! ಇನ್ನೊಬ್ಬ ಭಿಕ್ಷುವಿನ ಹತ್ತಿರ ಒಂದು ಕಾಸು ಬೇಡಿದವನ ಹೊಟ್ಟೆ ಸವರಿ ನಾವು ಕೋಟಿ ಕೇಳುತ್ತಿದ್ದೇವೆ. ನಿಜವಾಗಿಯೂ ಹಣ ಕೊಡುವ ಬೌದ್ಧ ದೇವತೆಯೇ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಇಲಾಖೆಯಿದೆ. ಟಿಬೆಟಿನವರ ಜಂಭಲ. ಅವನದೂ ಗುಡಾಣದ ಹೊಟ್ಟೆಯೇ, ಆದರೆ ಕೈಯಲ್ಲೊಂದು ಮುಂಗುಸಿ, ಮುಂಗುಸಿಯ ಬಾಯಿಂದ ಉದುರುವ ರತ್ನಗಳು. ಅರ್ಜಿ ಹಾಕುವವರು ಸರಿಯಾದ ಕೌಂಟರಿನಲ್ಲಿ ನಿಲ್ಲಬೇಕು.

ಹಾಗಾದರೆ ಚೀನೀಯರು ಆ ಚೀಲದ ಸನ್ಯಾಸಿಯನ್ನು ಬುದ್ಧ ಎನ್ನುವುದು ಯಾಕೆ? ಎನ್ನುತ್ತಾರೆ, ಆದರೆ ಅವನು ಗೌತಮ ಬುದ್ಧನಲ್ಲ. ಮುಂದೊಂದು ದಿನ ಬರಲಿರುವ ಮೈತ್ರೇಯನೇ ಈ ವೇಷದಲ್ಲಿ ಬಂದು ಹೋದ ಎಂಬುದು ಅಲ್ಲಿಯ ನಂಬಿಕೆ. ಚೀನೀ ದೇವಾಲಯಕ್ಕೆ ಹೋದರೆ ಬಾಗಿಲ ಮಂಟಪದಲ್ಲೇ ಈತ ಎದುರಾಗುತ್ತಾನೆ. ನಾಲ್ಕು ದಿಕ್ಕಿನ ರಾಜರು ಕಣ್ಣು ಕೆಕ್ಕರಿಸಿಕೊಂಡು ಅಕ್ಕಪಕ್ಕ ನಿಂತಿರುತ್ತಾರೆ, ನಡುವೆ ಈತ ನಗುತ್ತ ಬಂದವರನ್ನು ಒಳಕ್ಕೆ ಬಿಡುತ್ತಾನೆ. ಶಾಕ್ಯಮುನಿ ಇರುವುದು ಒಳಗಿನ ದೊಡ್ಡ ಮಂದಿರದಲ್ಲಿ. ಬಾಗಿಲಲ್ಲಿ ಎದುರುಗೊಂಡವನನ್ನೇ ಮದುಮಗ ಎಂದುಕೊಂಡು ಮುಯ್ಯಿ ಲಕೋಟೆ ಕೊಟ್ಟು ಊಟಕ್ಕೆ ಹೋದವರು ನಾವು.

ಇದಕ್ಕೆ ಪೂರ್ತಿ ಎದುರಾದ ಮೂರ್ತಿಯೊಂದು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದೆ. ಗಾಂಧಾರ ಶಿಲ್ಪ. ಉಪವಾಸ ಮಾಡಿ ಮಾಡಿ ಸಿದ್ಧಾರ್ಥನ ಪಕ್ಕೆಲುಬು, ನರ, ರಕ್ತನಾಳ ಎಲ್ಲ ಎಣಿಸುವಂತೆ ಕಾಣುತ್ತವೆ; ಹೊಟ್ಟೆ ಬೆನ್ನಿಗೆ ಅಂಟಿದೆ. ಫೋಟೋ ನೋಡಿದವರು ಇದನ್ನೂ ಬುದ್ಧ ಎಂದೇ ಹಂಚಿಕೊಳ್ಳುತ್ತಾರೆ. ಆದರೆ ಈ ದೇಹದಂಡನೆಯಿಂದ ಏನೂ ದಕ್ಕುವುದಿಲ್ಲ ಎಂದು ಬಿಟ್ಟು, ಸುಜಾತೆ ಕೊಟ್ಟ ಪಾಯಸ ಉಂಡ ಮೇಲಲ್ಲವೇ ಅವನು ಬುದ್ಧನಾದದ್ದು! ಅಂದರೆ ಬಡಕಲು ಮೂರ್ತಿಯವನು ಇನ್ನೂ ಬುದ್ಧನಾಗಿಲ್ಲ. ಬೊಜ್ಜಿನ ಮೂರ್ತಿಯವನು ಬುದ್ಧನಾಗಬೇಕಾದದ್ದು ಇನ್ನು ಮುಂದೆ. ಲೋಕದಲ್ಲಿ ಹೆಚ್ಚು ಮೆರೆಯುವ ಇಬ್ಬರು ಬುದ್ಧರೂ ಹೀಗೆ ಬುದ್ಧರಲ್ಲದವರು.

ಎಲ್ಲ ಎಡವಟ್ಟೂ ನಾವು ಮುಖ ನೋಡಿ ಮಣೆ ಹಾಕುವುದರಿಂದ. ಬೌದ್ಧ ಶಿಲ್ಪಿಗಳು ಮುಖಗಳನ್ನು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಮಾಡಿದರು. ಅರ್ಧ ಮುಚ್ಚಿದ ಕಣ್ಣು, ಇದೆಯೋ ಇಲ್ಲವೋ ಎಂಬಷ್ಟು ನಗೆ. ಗುರುತಿನ ಚೀಟಿಯನ್ನು ಅವರು ಇಟ್ಟದ್ದು ಕೈಯಲ್ಲಿ. ಬಲಗೈ ಬೆರಳು ನೆಲ ಮುಟ್ಟಿದ್ದರೆ ಅದು ಬೋಧಗಯೆಯ ರಾತ್ರಿ: ಈ ಆಸನಕ್ಕೆ ನೀನು ಅರ್ಹ ಎನ್ನಲು ಸಾಕ್ಷಿ ಯಾರು ಎಂದು ಧ್ಯಾನ ಕೆಡಿಸಲು ಬಂದ ಮಾರ ಕೇಳಿದಾಗ ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ. ಎರಡು ಕೈಯೂ ಎದೆಯ ಮುಂದೆ ಸೇರಿ ಬೆರಳುಗಳು ಚಕ್ರ ತಿರುಗಿಸುವಂತಿದ್ದರೆ ಅದು ಸಾರನಾಥ, ಮೊದಲ ಉಪದೇಶ. ಜಪಾನಿನ ಕಾಮಕುರದಲ್ಲಿ ಬಯಲಿಗೆ ಕೂತಿರುವ, ಹನ್ನೊಂದು ಮೀಟರಿಗೂ ಎತ್ತರದ ಹದಿಮೂರನೆಯ ಶತಮಾನದ ಕಂಚಿನ ವಿಗ್ರಹದ ತೊಡೆಯ ಮೇಲೆ ನೋಡಿ. ಮಡಚಿದ ತೋರುಬೆರಳುಗಳು ಹೆಬ್ಬೆರಳುಗಳಿಗೆ ತಾಗಿವೆ. ಅದು ಅಮಿತಾಭನ ಗುರುತು. ಅವನು ಪಶ್ಚಿಮದ ಸುಖಾವತಿ ಲೋಕದ ಒಡೆಯ, ಗೌತಮನಲ್ಲ. ದಿನಾ ಬಸ್ಸುಗಟ್ಟಲೆ ಜನ ಬಂದು ಗೌತಮನ ಜೊತೆ ಸೆಲ್ಫಿ ತೆಗೆದುಕೊಂಡೆವು ಎಂದು ಹಿಗ್ಗಿ ಹೋಗುತ್ತಾರೆ. ಅಮಿತಾಭ ಆಕ್ಷೇಪಿಸಿದ್ದಿಲ್ಲ.

ಕೈ ನೋಡಿ ಎಂದು ನಾನು ಎಷ್ಟು ಹೇಳಿದರೂ ಮುಖ ನೋಡಿಯೇ ತೀರ್ಮಾನಿಸುವವರು ನಮ್ಮ ಭಾವ. ಅಕ್ಕನ ಗಂಡ, ಮಂಡ್ಯ ಕಡೆಯವರು, ಯಾವ ವಿಷಯದ ಬಗ್ಗೆಯೂ ಅಭಿಪ್ರಾಯವಿಲ್ಲದೆ ಒಂದು ಗಳಿಗೆ ಇರಲಾರದವರು. ಸಂಸಾರ ಸಮೇತ ಬೈಲುಕುಪ್ಪೆಗೆ ಹೋಗಿದ್ದಾಗ ಅವರೇ ನಮಗೆ ಗೈಡು. ನಾಮ್‌ಡ್ರೋಲಿಂಗ್ ಮಠ, ನಮ್ಮ ಜನರ ಬಾಯಲ್ಲಿ ಗೋಲ್ಡನ್ ಟೆಂಪಲ್. 1963ರಲ್ಲಿ ಪೆನೋರ್ ರಿನ್‌ಪೋಚೆ ಕಟ್ಟಲು ತೊಡಗಿದ ಮಠ. ಒಳಗೆ ಹೊಕ್ಕ ಕೂಡಲೇ ಎದುರಿಗೆ ಚಿನ್ನದ ಬಣ್ಣದಲ್ಲಿ ಮಿರಿಮಿರಿ ಮಿಂಚುವ ಮೂರು ಭಾರೀ ವಿಗ್ರಹಗಳು. ನಡುವಿನದು ಅರವತ್ತು ಅಡಿ.

"ನೋಡಯ್ಯ," ಎಂದರು ಭಾವ, ಕತ್ತು ಹಿಂದಕ್ಕೆ ಬಗ್ಗಿಸಿ. "ಮೂರೂ ಬುದ್ಧನೇ. ಬಾಲ್ಯ, ಯೌವನ, ಮುಪ್ಪು."

"ಭಾವ, ಆ ಪಕ್ಕದವರಿಗೆ ಮೀಸೆ ಇದೆ."

"ಅದೇ ಯೌವನ ಕಣಯ್ಯ!"

ಮೀಸೆಯವರು ಪದ್ಮಸಂಭವ. ಎಂಟನೆಯ ಶತಮಾನದಲ್ಲಿ ಟಿಬೆಟ್ಟಿನ ರಾಜ ಕರೆಸಿಕೊಂಡ ಭಾರತದ ತಾಂತ್ರಿಕ ಗುರು. ಟಿಬೆಟಿಯನ್ನರ ಪಾಲಿಗೆ ಗುರು ರಿನ್‌ಪೋಚೆ. ಬಲಗೈಯಲ್ಲಿ ವಜ್ರ, ಎಡಗೈಯಲ್ಲಿ ಕಪಾಲದ ಪಾತ್ರೆ, ತೋಳಿಗೆ ಒರಗಿಸಿಕೊಂಡ, ಖಟ್ವಾಂಗ ಎಂಬ ಮೂರು ಮೊನೆಯ ದಂಡ. ಈ ಮೂರು ಮೊನೆ ನೋಡಿ ಹಿಂದಿನಿಂದ ಯಾರೋ "ಶಿವ ಇರಬೇಕು" ಎಂದರು. ಆ ಮಾತು ಕೇಳಿ ನಾಲ್ಕೈದು ಜನ ಕೆನ್ನೆ ಕೆನ್ನೆ ಬಡಿದುಕೊಂಡರು. ಇನ್ನೊಂದು ಪಕ್ಕದವನು ಅಮಿತಾಯುಸ್, ದೀರ್ಘಾಯುಷ್ಯ ಕೊಡುವವನು. ತೊಡೆಯ ಮೇಲಿನ ಅಂಗೈಗಳಲ್ಲಿ ಅಮೃತದ ಕಲಶ. ಮೂವರಲ್ಲಿ ಐತಿಹಾಸಿಕ ಬುದ್ಧ ಎಂದರೆ ನಡುವಿನ ಶಾಕ್ಯಮುನಿ ಒಬ್ಬನೇ. ಇದನ್ನೆಲ್ಲ ವಿವರಿಸಿದೆ. ಭಾವ ಕಲಶವನ್ನೇ ನೋಡುತ್ತ, "ಇವರೊಬ್ಬರಿಗೆ ಜೋರಾಗಿ ಕೈ ಮುಗಿದುಬಿಡು, ಬಿಪಿ ಇದೆಯಲ್ಲ ನಿಂಗೆ" ಎಂದರು. ಅದು ತಪ್ಪು ತಿಳುವಳಿಕೆ ಎನ್ನಲು ನನಗೆ ಬಾಯಿ ಬರಲಿಲ್ಲ. ಟಿಬೆಟಿನವರೂ ಅವನ ಎದುರು ಬೇಡುವುದು ಅದನ್ನೇ.

ಗೋಡೆಯ ಮೇಲಿನ ಚಿತ್ರಗಳ ಹತ್ತಿರ ಬಂದಾಗ ಅಕ್ಕ ಮಕ್ಕಳ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. ಕೋರೆಹಲ್ಲು, ಬೆಂಕಿಯ ಪ್ರಭಾವಳಿ, ರುಂಡಮಾಲೆ. "ಶಾಂತಿ ಶಾಂತಿ ಅನ್ನೋರ ಮನೆಯಲ್ಲಿ ಈ ರಾಕ್ಷಸರೇನು?" ಎಂಬುದು ಅವಳ ಪ್ರಶ್ನೆ. ಕೇಳಿದವಳು ಯಾರು? ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿರುವ ನರಸಿಂಹನ ಪಟದ ಕೆಳಗೆ ಕೂತು ದಿನಾ ಬಾಳೆಹಣ್ಣು ನೈವೇದ್ಯ ಮಾಡುವವಳು! ಮಹಾಕಾಲನಂಥ ಈ ಉಗ್ರರೂಪಿಗಳು ಧರ್ಮದ ಕಾವಲಿನವರು. ಅವರ ಸಿಟ್ಟು ನಮ್ಮ ಮೇಲಲ್ಲ, ನಮ್ಮೊಳಗಿನ ಮೋಹ, ದ್ವೇಷ, ಅಹಂಕಾರದ ಮೇಲೆ. ಭೈರವನನ್ನೂ ಕಾಳಿಯನ್ನೂ ಕುಲದೇವರು ಮಾಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ವಿಚಿತ್ರ. ಅಪ್ಪಿಕೊಂಡ ಜೋಡಿ ವಿಗ್ರಹಗಳನ್ನು ಕಂಡು ಕಿಸಕ್ಕೆನ್ನುವ ಹುಡುಗರಿಗೂ ಇದೇ ಮಾತು. ಅಲ್ಲಿ ಗಂಡು ಎಂದರೆ ಕರುಣೆ, ಹೆಣ್ಣು ಎಂದರೆ ಪ್ರಜ್ಞೆ. ಎರಡರಲ್ಲಿ ಒಂದೇ ಇದ್ದರೆ ಕೆಲಸವಾಗದು ಎಂಬ ಪಾಠ ಅದು. ಅರ್ಧನಾರೀಶ್ವರನ ನಾಡಿನ ಹುಡುಗರು ನಗುವಂಥದ್ದೇನೂ ಇಲ್ಲ.

ಹೊರಗೆ ಸಾಲಾಗಿ ಪ್ರಾರ್ಥನಾ ಚಕ್ರಗಳು. ಒಳಗೆ ಕಾಗದದ ಸುರುಳಿಯಲ್ಲಿ ಸಾವಿರಾರು ಸಲ ಬರೆದ ಮಂತ್ರ. ಪ್ರದಕ್ಷಿಣೆಯ ದಿಕ್ಕಿನಲ್ಲಿ, ನಿಧಾನವಾಗಿ ತಿರುಗಿಸಬೇಕು. ನಮ್ಮ ಹುಡುಗರು ರೀಲ್ಸಿಗೆ ಯಾವ ಕಡೆಯಿಂದ ಬೆಳಕು ಚೆನ್ನಾಗಿದೆಯೋ ಆ ಕಡೆ ತಿರುಗಿಸುತ್ತಾರೆ. ಅಂಗಡಿ ಸಾಲಿನಲ್ಲಿ ಐದು ಬಣ್ಣದ ಪತಾಕೆಗಳ ಸರ ಕೊಂಡು ಬೈಕಿನ ಹ್ಯಾಂಡಲಿಗೆ ಕಟ್ಟಿಕೊಳ್ಳುವುದು ಇನ್ನೊಂದು ಸಂಪ್ರದಾಯ. ಅದು ಲಡಾಖಿಗೆ ಹೋಗಿಬಂದ ಪ್ರಮಾಣಪತ್ರ ಎಂದೇ ಬಹಳ ಜನರ ತಿಳುವಳಿಕೆ. ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ. ನಮ್ಮದೇ ಪಂಚಭೂತ. ಮಂತ್ರ ಅಚ್ಚಾದ ಬಟ್ಟೆಯನ್ನು ಎತ್ತರದಲ್ಲಿ ಕಟ್ಟಿದರೆ ಗಾಳಿ ಅದನ್ನು ಸವರಿಕೊಂಡು ಹೋಗಿ ಎಲ್ಲರಿಗೂ ಒಳಿತು ಮುಟ್ಟಿಸುತ್ತದೆ ಎಂಬುದು ಅದರ ಹಿಂದಿನ ಆಸೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಬೈಕಿನಿಂದ ಏನೇನು ಮುಟ್ಟುತ್ತದೆಯೋ, ಗಾಳಿಗೇ ಗೊತ್ತು.

ತಲೆಯ ವಿಷಯಕ್ಕೆ ಬರೋಣ. ಬುದ್ಧನ ತಲೆಯ ಮೇಲಿನ ಗುಂಗುರುಗಳು ಕೂದಲಲ್ಲ, 108 ಬಸವನಹುಳುಗಳು ಎಂಬ ಕಥೆ ಈಗ ವಾಟ್ಸಾಪಿನಲ್ಲಿ ತೆವಳುತ್ತಿದೆ. ಬಿಸಿಲಲ್ಲಿ ಧ್ಯಾನಕ್ಕೆ ಕೂತಿದ್ದವನ ಬೋಳುತಲೆಗೆ ತಂಪಾಗಲೆಂದು ಹತ್ತಿ ಅಲ್ಲೇ ಪ್ರಾಣ ಬಿಟ್ಟವಂತೆ. ಕಥೆ ಮುದ್ದಾಗಿದೆ. ಆದರೆ ಪಾಲಿಯ ನಿದಾನಕಥೆ ಹೇಳುವುದು ಬೇರೆ: ಮನೆ ಬಿಟ್ಟ ದಿನ ಸಿದ್ಧಾರ್ಥ ಕತ್ತಿಯಿಂದ ಜುಟ್ಟು ಕತ್ತರಿಸಿದಾಗ ಎರಡಂಗುಲ ಕೂದಲು ಉಳಿಯಿತು, ಬಲಕ್ಕೆ ಸುರುಳಿ ಸುತ್ತಿ ತಲೆಗೆ ಅಂಟಿತು, ಮತ್ತೆ ಜೀವಮಾನವಿಡೀ ಬೆಳೆಯಲಿಲ್ಲ. ಕ್ಷೌರದ ಖರ್ಚಿಲ್ಲದ ಬದುಕು! ನೆತ್ತಿಯ ಮೇಲಿನ ಉಬ್ಬು ತುರುಬಲ್ಲ, ಉಷ್ಣೀಷ; ಮಹಾಪುರುಷನ ಮೂವತ್ತೆರಡು ಲಕ್ಷಣಗಳಲ್ಲೊಂದು. ಹುಬ್ಬುಗಳ ನಡುವಿನ ಚುಕ್ಕೆ ಮೂರನೆಯ ಕಣ್ಣೂ ಅಲ್ಲ, ಬೊಟ್ಟೂ ಅಲ್ಲ. ಊರ್ಣಾ ಎಂಬ ಬಿಳಿ ಕೂದಲಿನ ಸುಳಿ. ಇನ್ನು ಕಿವಿ. ಜೋತುಬಿದ್ದ ಕಿವಿ ಜ್ಞಾನದ ಗುರುತು ಎಂದು ಹೇಳುವವರಿದ್ದಾರೆ. ಕೆಂಪುಕಲ್ಲಿನ ಓಲೆಯ ಭಾರಕ್ಕೆ ನಮ್ಮ ಅಜ್ಜಿಯರ ಕಿವಿ ಜೋತಿರಲಿಲ್ಲವೇ, ಹಾಗೇ ಇದು. ರಾಜಕುಮಾರನಾಗಿದ್ದಾಗ ತೊಟ್ಟ ಕುಂಡಲಗಳ ಗುರುತು. ಕುಂಡಲ ಬಿಚ್ಚಿಟ್ಟು ಹೋದ, ಉದ್ದವಾದ ಕಿವಿ ಉಳಿಯಿತು. ಬಿಟ್ಟು ಬಂದದ್ದು ಎಷ್ಟು ಎಂಬುದಕ್ಕೆ ಶಿಲ್ಪಿ ಇಟ್ಟ ರಸೀತಿ ಅದು.

ಹೆಡೆ ಬಿಚ್ಚಿದ ಹಾವಿನ ಕೆಳಗೆ ಒಬ್ಬರು ಧ್ಯಾನದಲ್ಲಿದ್ದರೆ ಕರ್ನಾಟಕದಲ್ಲಿ ದೊಡ್ಡ ಗೊಂದಲ. ಬಾದಾಮಿಯ ನಾಲ್ಕನೆಯ ಗುಹೆಗೆ ಬಂದ ಶಾಲಾ ಪ್ರವಾಸದ ಮೇಷ್ಟರೊಬ್ಬರು ಪಾರ್ಶ್ವನಾಥನ ಎದುರು ನಿಂತು ಮಕ್ಕಳಿಗೆ ಬುದ್ಧನ ಜೀವನಚರಿತ್ರೆಯನ್ನು ಪೂರ್ತಿ ಹೇಳಿ ಮುಗಿಸಿದ್ದನ್ನು ಕೇಳಿದ್ದೇನೆ. ಪಾರ್ಶ್ವನಾಥ ತೀರ್ಥಂಕರ ಸಹನೆಯಿಂದ ನಿಂತೇ ಇದ್ದ. ಮೇಷ್ಟರದ್ದು ಪೂರ್ತಿ ತಪ್ಪಲ್ಲ ಅನ್ನಿ. ಬುದ್ಧನಿಗೂ ಹಾವಿನ ಪ್ರಸಂಗವಿದೆ. ಜ್ಞಾನೋದಯದ ನಂತರ ಏಳು ದಿನ ಸುರಿದ ಮಳೆಯಲ್ಲಿ ಮುಚಲಿಂದ ನಾಗರಾಜ ಸುತ್ತು ಹಾಕಿ ಕೂತು ಹೆಡೆ ಕೊಡೆ ಹಿಡಿದ. ಪಾರ್ಶ್ವನಾಥನದೂ ಮಳೆಯ ಕಥೆಯೇ. ಹಗೆ ಸಾಧಿಸುತ್ತಿದ್ದ ಕಮಠ ಮಳೆ ಸುರಿಸಿದ, ನಾಗರಾಜ ಧರಣೇಂದ್ರ ಹೆಡೆ ಹಿಡಿದ. ವ್ಯತ್ಯಾಸ ಬಟ್ಟೆಯಲ್ಲಿದೆ. ಎಡ ಹೆಗಲಿನಿಂದ ಇಳಿದ ಚೀವರದ ಗೆರೆ ಕಂಡರೆ ಬುದ್ಧ, ದಿಗಂಬರನಾಗಿದ್ದರೆ ಜಿನ. ಅಷ್ಟು ನೋಡಲು ಡಿಗ್ರಿ ಬೇಕಿಲ್ಲ, ನಾಚಿಕೆ ಬಿಟ್ಟರೆ ಸಾಕು.

ಮಂಗಳೂರಿನ ಕದ್ರಿಯಲ್ಲಂತೂ ಬೇರೆಯೇ ಮಜಾ. ಮಂಜುನಾಥನ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಚೆಲುವಾದ ಕಂಚಿನ ವಿಗ್ರಹವಿದೆ. ಮೂರು ಮುಖ ಎಂದರೆ ನಮಗೆ ತ್ರಿಮೂರ್ತಿ, ಇಲ್ಲವೇ ನಾಲ್ಕನೆಯ ಮುಖ ಹಿಂದಿರುವ ಬ್ರಹ್ಮ. ಪೀಠದ ಶಾಸನ ಮಾತ್ರ ಇವನು ಲೋಕೇಶ್ವರ ಎನ್ನುತ್ತದೆ. ಆಳುಪರ ರಾಜ ಕುಂದವರ್ಮ ಕದರಿಕಾ ವಿಹಾರದಲ್ಲಿ ನಿಲ್ಲಿಸಿದ್ದು, ಕಾಲ ಕ್ರಿ.ಶ. 968 ಎಂದು ವಿದ್ವಾಂಸರ ಲೆಕ್ಕ. ಲೋಕೇಶ್ವರ ಎಂದರೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಇದೇ ಪುಣ್ಯಾತ್ಮ ಚೀನಾಕ್ಕೆ ಹೋಗಿ ಬಿಳಿ ಸೀರೆಯಂಥದ್ದನ್ನು ಉಟ್ಟು ಗ್ವಾನ್‌ಯಿನ್ ಎಂಬ ತಾಯಿಯಾಗಿಬಿಟ್ಟ. ಗಂಡೋ ಹೆಣ್ಣೋ ಎಂದು ನಾವು ಜಗಳಾಡುವಂತಿಲ್ಲ. ಕೇಳಿದವರ ಮೊರೆಗೆ ತಕ್ಕ ರೂಪದಲ್ಲಿ ಬರುತ್ತಾನೆ ಎಂದು ಸದ್ಧರ್ಮಪುಂಡರೀಕ ಸೂತ್ರವೇ ಅವನಿಗೆ ಪರವಾನಗಿ ಕೊಟ್ಟಿದೆ.

ಸ್ವಸ್ತಿಕದ ಬಗ್ಗೆ ಎರಡೇ ಮಾತು. ಚೀನಾ, ಜಪಾನಿನ ಬುದ್ಧರ ಎದೆಯ ಮೇಲೆ ಅದನ್ನು ಕಂಡು ಯುರೋಪಿನ ಪ್ರವಾಸಿಗರು ಹೌಹಾರುವುದುಂಟು. ಜಪಾನಿನ ನಕ್ಷೆಗಳಲ್ಲಿ ದೇವಾಲಯದ ಗುರುತೇ ಅದು. ಒಲಿಂಪಿಕ್ಸಿಗೆ ಬರುವವರು ಗಾಬರಿಯಾದಾರು ಎಂದು 2016ರಲ್ಲಿ ವಿದೇಶೀಯರ ನಕ್ಷೆಗಳಿಂದ ತೆಗೆಯುವ ಸಲಹೆ ಬಂದು ದೊಡ್ಡ ಗಲಾಟೆಯಾಯಿತು. ಇದಕ್ಕೆ ನಮ್ಮವರು ಕೊಡುವ ಸಮಾಧಾನ ಏನೆಂದರೆ, ನಾಜಿಗಳದ್ದು ಬಲಕ್ಕೆ ತಿರುಗುತ್ತದೆ, ಒಳ್ಳೆಯದು ಎಡಕ್ಕೆ. ಸ್ವಾಮಿ, ಒಮ್ಮೆ ನಿಮ್ಮ ಹೊಸ್ತಿಲ ಮೇಲಿನದನ್ನೇ ಹೊರಗೆ ಹೋಗಿ ನೋಡಿ ಬನ್ನಿ, ಯಾವ ಕಡೆ ತಿರುಗಿದೆ ಅಂತ! ಬೌದ್ಧರು ಎರಡೂ ಬಗೆಯದನ್ನು ಬಳಸಿದ್ದಾರೆ. ಅಮರಾವತಿಯ ಬುದ್ಧಪಾದಗಳಲ್ಲಿ ಅದನ್ನು ಕೆತ್ತಿದಾಗ ಜರ್ಮನಿಯಲ್ಲಿ ಯಾವ ಪಕ್ಷವೂ ಹುಟ್ಟಿರಲಿಲ್ಲ. ಅಷ್ಟು ಸಾಕು.

ಪಾದ ಎಂದಾಗ ನೆನಪಾಯಿತು. ವಿಗ್ರಹ ನೋಡಿ ಗೊಂದಲಕ್ಕೆ ಬೀಳುವ ನಮಗೆ ವಿಗ್ರಹವೇ ಇಲ್ಲದ ಕಾಲದ ಶಿಲ್ಪ ತೋರಿಸಿದರೆ? ಸಾಂಚಿಯ ಪೂರ್ವ ತೋರಣದ ಅಡ್ಡಪಟ್ಟಿಯಲ್ಲಿ ಒಂದು ಕುದುರೆ ಮತ್ತೆ ಮತ್ತೆ ಬರುತ್ತದೆ. ಮೇಲೆ ಸವಾರನಿಲ್ಲ, ಆದರೂ ಸೇವಕ ಕೊಡೆ ಹಿಡಿದಿದ್ದಾನೆ. ಕೊನೆಗೆ ಕೊಡೆ ಒಂದು ಜೊತೆ ಪಾದಗಳ ಮೇಲೆ ನಿಲ್ಲುತ್ತದೆ, ಕುದುರೆ ಕೊಡೆಯಿಲ್ಲದೆ ವಾಪಸಾಗುತ್ತದೆ. ಸಿದ್ಧಾರ್ಥ ಅರಮನೆ ಬಿಟ್ಟು ಹೋದ ರಾತ್ರಿಯ ಚಿತ್ರ ಅದು. ಸವಾರ ಇರುವುದು ಕೊಡೆಯ ಕೆಳಗಿನ ಖಾಲಿ ಜಾಗದಲ್ಲಿ. ಗೊತ್ತಿಲ್ಲದವರು ಸಾಂಚಿಯಲ್ಲಿ ಕುದುರೆ ಜಾತ್ರೆ ನಡೆಯುತ್ತಿತ್ತು ಎಂದುಕೊಂಡು ಬರುತ್ತಾರೆ. ಬುದ್ಧನನ್ನು ಯಾಕೆ ಕೆತ್ತಲಿಲ್ಲ ಎಂಬ ಬಗ್ಗೆ ಪಂಡಿತರಿಗೇ ಒಮ್ಮತವಿಲ್ಲ. ಮನುಷ್ಯರೂಪ ತೋರಿಸಬಾರದು ಎಂಬ ಸಂಕೋಚವಿತ್ತು ಎಂದು ಫ್ರೆಂಚ್ ವಿದ್ವಾಂಸ ಫೂಷೆ ಹೇಳಿದ್ದನ್ನು ಬಹುಕಾಲ ಎಲ್ಲರೂ ಒಪ್ಪಿದ್ದರು. 1990ರಲ್ಲಿ ಸೂಸನ್ ಹಂಟಿಂಗ್ಟನ್ ಎಂಬ ವಿದುಷಿ, ಇವುಗಳಲ್ಲಿ ಎಷ್ಟೋ ಶಿಲ್ಪಗಳು ಬುದ್ಧನ ಕಥೆಗಳೇ ಅಲ್ಲ, ಬೋಧಿವೃಕ್ಷ, ಸ್ತೂಪಗಳಿಗೆ ಯಾತ್ರೆ ಬಂದ ಭಕ್ತರ ಚಿತ್ರಗಳು ಎಂದು ವಾದಿಸಿದರು. ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದ ಸ್ತೂಪದಲ್ಲೂ ಇಂಥ ಬರಿದಾದ ಆಸನ, ಪಾದ, ಚಕ್ರಗಳಿವೆ. ನನಗೆ ಅಲ್ಲಿ ಬಹಳ ಹಿಡಿಸುವುದು ಒಬ್ಬ ರಾಜನ ಫಲಕ. ಪಕ್ಕದಲ್ಲಿ ರಾಣಿ, ಹಿಂದೆ ಚಾಮರ, ಛತ್ರ ಹಿಡಿದ ಹೆಂಗಸರು, ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು: ರಾಯ ಅಸೋಕೋ. ಅಶೋಕನಿಗೆ ನಾಮಫಲಕ ಬೇಕಾಯಿತು, ಬುದ್ಧನಿಗೆ ಖಾಲಿ ಆಸನವೇ ಸಾಕಾಯಿತು. ಆ ಕಾಲದ ಭಕ್ತರಿಗೆ ಎಲ್ಲಿ ಯಾರಿದ್ದಾರೆ ಎಂಬುದು ಅಷ್ಟು ಚೆನ್ನಾಗಿ ಗೊತ್ತಿತ್ತು.

ಪಕ್ಕದ ಸನ್ನತಿಯ ಕಥೆ ಇನ್ನೂ ಸ್ವಾರಸ್ಯ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಅವಶೇಷ ತೆಗೆದು ನೋಡಿದರೆ ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲು ಅಶೋಕನ ಶಾಸನ! ಎಷ್ಟು ಶತಮಾನ ಅದರ ಮೇಲೆ ಕುಂಕುಮ, ಎಣ್ಣೆ ಬಿದ್ದಿತ್ತೋ. ಆ ಕಲ್ಲಿನ ಮೇಲಿದ್ದ ಶಾಸನಗಳಲ್ಲಿ ಒಂದು, ಬೇರೆಯವರ ಪಂಥವನ್ನು ಗೌರವಿಸಿ ಎಂದು ಹೇಳುವ ಹನ್ನೆರಡನೆಯ ಶಾಸನ. ಹೇಳಿದ ಮಾತಿನಂತೆ ಕಲ್ಲು ನಡೆದುಕೊಂಡಿತ್ತು.

ಈಗಿನವರು ಕಲ್ಲನ್ನೂ ಬಿಟ್ಟು ಫೈಬರಿಗೆ ಬಂದಿದ್ದೇವೆ. ಅಕ್ಕನ ಮನೆಯ ಬಾಲ್ಕನಿಯಲ್ಲಿ ಬುದ್ಧನ ತಲೆಯ ಆಕಾರದ ಕುಂಡವಿದೆ. ನೆತ್ತಿಯಿಂದ ಮನಿ ಪ್ಲಾಂಟ್ ಹಬ್ಬಿದೆ. ಕತ್ತಿನಿಂದ ಕೆಳಗಿನ ಬುದ್ಧ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಬರೀ ತಲೆಯ ಈ ಷೋಕಿಯ ಹಿಂದಿನ ಚರಿತ್ರೆ ಒಳ್ಳೆಯದಲ್ಲ. ತಲೆ ಸಾಗಿಸಲು ಸಲೀಸು ಎಂದು ಕಳ್ಳರು ಬೊರೊಬುದೂರ್ ಮುಂತಾದ ಕಡೆ ವಿಗ್ರಹಗಳ ಕತ್ತು ಕೊಯ್ದರು. ಸಂಗ್ರಹಾಲಯಗಳಲ್ಲೂ ಶ್ರೀಮಂತರ ಹಜಾರಗಳಲ್ಲೂ ತಲೆಗಳು ಕೂತವು. ಅದನ್ನು ನೋಡಿ ನೋಡಿ ಬುದ್ಧನೆಂದರೆ ಹೀಗೇ ಇರುವುದು ಎಂದು ಕಣ್ಣಿಗೆ ರೂಢಿಯಾಯಿತು. ಥಾಯ್ಲೆಂಡಿನ ಅಯುತ್ಥಯದಲ್ಲಿ ಆಲದ ಜಾತಿಯ ಮರದ ಬೇರುಗಳು ಹಿಡಿದುಕೊಂಡ ಒಂದು ತಲೆಯಿದೆ. ಅದರ ಪಕ್ಕ ಫೋಟೋ ತೆಗೆಸಿಕೊಳ್ಳುವವರು ಆ ತಲೆಗಿಂತ ಕೆಳಗೆ ಬರುವಂತೆ ಕುಕ್ಕರಗಾಲಲ್ಲಿ ಕೂರಬೇಕು. ನಾವು ಬುದ್ಧನ ತಲೆಗೆ ಗೊಬ್ಬರ ಹಾಕುತ್ತೇವೆ.

ಶ್ರೀಲಂಕಾದಲ್ಲಿ ವಿಗ್ರಹ ಪೂರ್ತಿಯಾದರೂ ಕಣ್ಣು ಬಿಡಿಸುವವರೆಗೆ ಅದು ಬುದ್ಧನಲ್ಲ, ಬರೀ ಕಸುಬಿನ ಕೆಲಸ. ನೇತ್ರಮಂಗಲದ ಮುಹೂರ್ತದಲ್ಲಿ ಶಿಲ್ಪಿ ವಿಗ್ರಹವನ್ನು ನೇರ ದಿಟ್ಟಿಸದೆ, ಕನ್ನಡಿಯಲ್ಲಿ ನೋಡುತ್ತ ಕಣ್ಣು ಬರೆಯುತ್ತಾನೆ. ಮೊದಲ ನೋಟ ತಾಳುವ ಶಕ್ತಿ ಮನುಷ್ಯರಿಗಿಲ್ಲ ಎಂಬ ಭಯ. ನಮ್ಮ ಪಬ್ಬುಗಳಲ್ಲಿ ಆ ಭಯವೇನೂ ಕಾಣುವುದಿಲ್ಲ. ಪಂಚಶೀಲದ ಐದನೆಯದು ಮದ್ಯ ಬೇಡ ಎಂಬುದು. ಅದನ್ನು ಹೇಳಿದವನನ್ನೇ ಬಾಟಲಿಗಳ ಹಿಂದೆ ದೀಪ ಹಾಕಿ ಕೂರಿಸಿದ್ದಾರೆ. ಕುಡಿದು ಜ್ಞಾನೋದಯವಾದವರು ಮನೆಗೆ ಹೋಗಲು ಆಟೋ ಹುಡುಕುತ್ತಿರುತ್ತಾರೆ.

ತಪ್ಪು ಗ್ರಹಿಸುವುದು ನಮ್ಮಂಥವರ ಗುತ್ತಿಗೆಯಲ್ಲ ಎಂಬುದಕ್ಕೆ ಶ್ರೀಲಂಕಾದ ಪೊಲನ್ನರುವದ ಗಲ್ ವಿಹಾರ ನೋಡಬೇಕು. ಹನ್ನೆರಡನೆಯ ಶತಮಾನದಲ್ಲಿ ರಾಜ ಪರಾಕ್ರಮಬಾಹು ಒಂದೇ ಬಂಡೆಯಲ್ಲಿ ಮಾಡಿಸಿದ್ದು. ಹದಿನಾಲ್ಕು ಮೀಟರಿನ ಬುದ್ಧ ಮಲಗಿದ್ದಾನೆ; ತಲೆದಿಂಬು ಭಾರಕ್ಕೆ ಕುಸಿದದ್ದು ಕೂಡ ಕಲ್ಲಿನಲ್ಲಿ ಕಾಣುತ್ತದೆ. ಪಕ್ಕದಲ್ಲಿ ಎದೆಯ ಮೇಲೆ ಕೈ ಕಟ್ಟಿ ದುಗುಡದ ಮುಖದಲ್ಲಿ ಒಬ್ಬ ನಿಂತಿದ್ದಾನೆ. ಗುರು ತೀರಿಕೊಂಡ ದುಃಖದಲ್ಲಿರುವ ಶಿಷ್ಯ ಆನಂದ ಎಂದು ದೊಡ್ಡ ದೊಡ್ಡವರು ಬರೆದರು. ಆಮೇಲೆ ಎರಡೂ ವಿಗ್ರಹಗಳಿಗೆ ಬೇರೆ ಬೇರೆ ಗುಡಿಗಳ ಗೋಡೆಯಿದ್ದ ಕುರುಹು ಗಮನಕ್ಕೆ ಬಂತು. ನಡುವೆ ಗೋಡೆಯಿದ್ದರೆ ಇವನು ಅವನಿಗಾಗಿ ಅಳುವುದು ಹೇಗೆ? ಅದು ಕೂಡ ಬುದ್ಧನೇ ಎಂಬುದು ಈಗ ಹೆಚ್ಚಿನವರ ಮತ. ಪಂಡಿತರೂ ಮುಖ ನೋಡಿಯೇ ಮೋಸ ಹೋದದ್ದು.

ಮಲಗಿದ ಬುದ್ಧ ನಿದ್ದೆ ಮಾಡುತ್ತಿಲ್ಲ, ಬಹುತೇಕ ಕಡೆ ಅದು ಕುಶಿನಗರದ ಪರಿನಿರ್ವಾಣ ಎಂದು ನಾನು ಒಂದು ಭಾನುವಾರದ ಊಟದ ನಂತರ ಭಾವನಿಗೆ ಹೇಳುತ್ತಿದ್ದೆ. ಭಾವ ಸೋಫಾದ ಮೇಲೆ ಅದೇ ಭಂಗಿಯಲ್ಲಿ, ಬಲಗೈ ತಲೆಗೆ ಕೊಟ್ಟು ಮಲಗಿದ್ದರು. ಥಾಯ್ಲೆಂಡಿನಲ್ಲಿ ಅದೇ ಭಂಗಿ ಮಂಗಳವಾರ ಹುಟ್ಟಿದವರಿಗೆ ಮೀಸಲು ಎಂದೆ. ಅಲ್ಲಿ ವಾರಕ್ಕೊಂದು ಬುದ್ಧನ ಭಂಗಿ. ಬುಧವಾರಕ್ಕೆ ಹಗಲಿಗೊಂದು, ರಾತ್ರಿಗೊಂದು. ಗುರುವಾರಕ್ಕೆ ಧ್ಯಾನ, ಶುಕ್ರವಾರಕ್ಕೆ ಎದೆಯ ಮೇಲೆ ಕಟ್ಟಿದ ಕೈ, ಶನಿವಾರಕ್ಕೆ ಹಾವಿನ ಹೆಡೆ. ಹುಟ್ಟಿದ ವಾರದ ಬುದ್ಧನ ಮುಂದಿನ ಪಾತ್ರೆಗೆ ಜನ ಕಾಸು ಹಾಕುತ್ತಾರೆ.

ಭಾವ ಎದ್ದು ಕೂತರು. "ನಂದು ಸೋಮವಾರ. ನಂದು ಹೇಗಿದ್ದಾನೆ?"

"ನಿಂತಿದ್ದಾನೆ. ಒಂದು ಕೈ ಎತ್ತಿ."

"ಆಶೀರ್ವಾದ."

"ಅಲ್ಲ ಭಾವ. ನೆಂಟರ ಜಗಳ ನಿಲ್ಲಿಸುತ್ತಿರೋದು."

ಶಾಕ್ಯರೂ ಕೋಲಿಯರೂ ಬುದ್ಧನಿಗೆ ಎರಡೂ ಕಡೆಯ ಸಂಬಂಧಿಕರು. ನಡುವೆ ರೋಹಿಣೀ ನದಿ, ಅದಕ್ಕೊಂದು ಕಟ್ಟೆ. ಬೇಸಿಗೆಯಲ್ಲಿ ನೀರು ಇಳಿಯಿತು, ಪೈರು ಬಾಡಿತು, ಮೊದಲು ನಮಗೆ ಬಿಡಿ ಎಂದು ಎರಡೂ ಕಡೆಯ ಆಳುಗಳು ಶುರುಮಾಡಿದ ಬೈಗುಳ ಒಡೆಯರ ಕತ್ತಿಯವರೆಗೆ ಹೋಯಿತು. ಬುದ್ಧ ನಡುವೆ ಬಂದು ನಿಂತು, ನೀರಿನ ಬೆಲೆ ಹೆಚ್ಚೋ ನಿಮ್ಮ ರಕ್ತದ ಬೆಲೆ ಹೆಚ್ಚೋ ಎಂದು ಕೇಳಿದ. ಆ ಎತ್ತಿದ ಕೈ ಅದು.

ಒಳಗಿನಿಂದ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ವಿ.ಸಿ. ನಾಲೆಯ ತೂಬಿನ ನೀರಿಗೆ ಭಾವನಿಗೂ ಅವರ ದೊಡ್ಡಪ್ಪನ ಮಕ್ಕಳಿಗೂ ನಡೆಯುತ್ತಿರುವ ಕೇಸಿಗೆ ಅಕ್ಕನ ಮದುವೆಗಿಂತ ಹೆಚ್ಚು ವಯಸ್ಸಾಗಿದೆ.

"ಏನ್ರೀ, ಆ ಸೋಮವಾರದ್ದು ಒಂದು ತರಿಸೋಣ. ನಿಮ್ಮ ವಕೀಲರ ಆಫೀಸಿಗೂ ಒಂದು."

ಭಾವ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಅಲ್ಲ ಕಣೇ, ಅಮ್ಮ ಹೇಳ್ತಿದ್ರು, ನಾನು ಹುಟ್ಟಿದಾಗ ರಾತ್ರಿ ಹನ್ನೆರಡು ದಾಟಿತ್ತಂತೆ. ಲೆಕ್ಕದಲ್ಲಿ ಅದು ಮಂಗಳವಾರವೇ ಆಗುತ್ತೆ." ಹಾಗೆಂದವರೇ ಬಲಗೈ ತಲೆಗೆ ಕೊಟ್ಟು ಮತ್ತೆ ಸೋಫಾದ ಮೇಲೆ ಉದ್ದಕ್ಕೆ ಚಾಚಿಕೊಂಡರು.

"ಪಂಚಾಂಗದಲ್ಲಿ ಸೂರ್ಯ ಹುಟ್ಟೋವರೆಗೂ ಸೋಮವಾರವೇ ಕಣ್ರೀ," ಎಂದಳು ಅಕ್ಕ. "ಏಳಿ ಮೇಲಕ್ಕೆ."